ಯಾದ್ವಿಗಾ ಚರ್ಚಿನ ಕಾವಲುಗಾರ್ತಿ

ಮಾರ್ಚ್ 2, ಸೋಮವಾರ

ಇವತ್ತಿನಿಂದ ಬಾಬ್ಚಿಯ ಮನೆಯಲ್ಲಿ ವಾಸ. ಇದು ಸೋಲಲ್ಲ, ತಾತ್ಕಾಲಿಕ ಹಿನ್ನಡೆ. ಮನೆ ಮಾಲೀಕನ ಕಾರಿನ ಮುಂಗಾಜಿಗೆ ನಾನು ಅಂಟಿಸಿದ ಕರಪತ್ರ ಎಷ್ಟು ಕೆರೆದರೂ ಬರಲಿಲ್ಲವಂತೆ, ಬಾಡಿಗೆ ಕೋಣೆ ಖಾಲಿ ಮಾಡಿಸಿದ. ಅಂಟು ಒಳ್ಳೆಯದಿತ್ತು, ಕರಪತ್ರವೂ ಒಳ್ಳೆಯದಿತ್ತು. ಎರಡು ಪ್ಯಾಂಟು, ಮೂರು ಪೆಟ್ಟಿಗೆ ಕರಪತ್ರ ಹೊತ್ತು ಬಂದೆ.

"ಅಜ್ಜಿಗೆ ಅಂತ ಏನು ತಂದಿದೀಯೇ ತೆಕ್ಲಾ?" ಎಂದರು ಬಾಬ್ಚಿ.

"ಇವೇ. ಓದಿ, ಕಣ್ಣು ತೆರೆಯುತ್ತೆ."

"ನನ್ನ ಕಣ್ಣಿಗೆ ಪೊರೆ ಬಂದಿದೆ ಕಣೇ. ಒಲೆ ಹಚ್ಚೋಕಾಗುತ್ತೆ, ಅಲ್ಲಿಡು."

ಆ ಪೊರೆಯ ದೆಸೆಯಿಂದ ಅವರು ಕಾರು ಓಡಿಸುವುದು ನಿಂತಿದೆ. ಆದ್ದರಿಂದ ಷರತ್ತು: ಮಂಗಳವಾರ, ಶುಕ್ರವಾರ ಅವರನ್ನು ನಾನು ಸಂತ ಯಾದ್ವಿಗಾ ಚರ್ಚಿಗೆ ಕರೆದೊಯ್ಯಬೇಕು. ಹದಿನಾರನೇ ವಯಸ್ಸಿನಲ್ಲಿ ಭಾಷಣ ಮಾಡಿ ಬಿಟ್ಟುಬಂದ ಚರ್ಚು! ಬಿಷಪ್ಪರ ಕಚೇರಿಯವರು ಈಗ ಅದನ್ನು ಮುಚ್ಚಲು ಹೊರಟಿದ್ದಾರೆ. ಪಾದ್ರಿಯನ್ನು ಆಗಲೇ ವರ್ಗ ಮಾಡಿಯಾಗಿದೆ. ಬಣ್ಣದ ಗಾಜಿನ ಕಿಟಕಿಗಳನ್ನು ಯಾವನೋ ಹೋಟೆಲಿನವನಿಗೆ ಮಾರುವ ಮಾತೂ ನಡೆದಿದೆಯಂತೆ. ಹಿಂದೆ ಇಲ್ಲಿನ ನೂಲಿನ ಗಿರಣಿಗೆಂದು ವಲಸೆ ಬಂದ ಪೋಲಿಷ್ ಮನೆಗಳ ಮುದುಕಿಯರು ರೋಮಿಗೆ, ಪೋಪರ ಕಚೇರಿಗೆ, ದೂರು ಬರೆದಿದ್ದಾರೆ. ಅಲ್ಲಿಂದ ಉತ್ತರ ಬರುವವರೆಗೆ ಒಳಗೆ ಯಾರಾದರೂ ಪ್ರಾರ್ಥನೆಯಲ್ಲಿದ್ದರೆ ಬೀಗ ಹಾಕುವಂತಿಲ್ಲ. ಒಂದು ಗಳಿಗೆ ಖಾಲಿ ಸಿಕ್ಕಿದರೂ ಹಾಕಬಹುದು. ಹಾಗಾಗಿ ಹನ್ನೊಂದು ಮುದುಕಿಯರು ಹೊಸ ವರ್ಷದಿಂದ ಪಾಳಿಯ ಮೇಲೆ ಅಲ್ಲೇ ಕೂತಿದ್ದಾರೆ.

ಕರೆದೊಯ್ಯುತ್ತೇನೆ. ಒಳಗೆ ಕಾಲಿಡುವುದಿಲ್ಲ. ಮೆಟ್ಟಿಲ ಮೇಲೆ ಕೂತು ಓದುತ್ತೇನೆ.

ಮಾರ್ಚ್ 3, ಮಂಗಳವಾರ

ಮೆಟ್ಟಿಲ ಮೇಲೆ ಕೂತೆ. ಹಿಮ ಬೀಳತೊಡಗಿತು. ಮೊಗಸಾಲೆಗೆ ಸರಿದೆ. ಮೊಗಸಾಲೆಯಲ್ಲಿ ಗಾಳಿ. ಕೊನೆಯ ಬೆಂಚಿನಲ್ಲಿ ಕೂತೆ. ಕೊನೆಯ ಬೆಂಚು ಸರಿಯಾಗಿ ನೋಡಿದರೆ ಚರ್ಚಲ್ಲ, ಬಾಗಿಲಿನ ಮುಂದುವರಿಕೆ.

ಅಲ್ಲಿ ಕೂತಾಗ ಹೊಳೆಯಿತು. ಸಂಸ್ಥೆ ಹೊರಗೆ ಹೋಗಿ ಅನ್ನುತ್ತಿದೆ, ಜನ ಹೋಗುತ್ತಿಲ್ಲ. ಇದು ಪ್ರಾರ್ಥನೆಯಲ್ಲ, ಕಟ್ಟಡವನ್ನು ವಶಪಡಿಸಿಕೊಳ್ಳುವುದು! ನಾನು ನಾಲ್ಕು ವರ್ಷದಿಂದ ಓದುತ್ತಲೇ ಇರುವ ಹೋರಾಟವನ್ನು ಇವರು ಸ್ವೆಟರ್ ಹೆಣೆಯುತ್ತ ನಡೆಸಿದ್ದಾರೆ. ಆದರೆ ನಾಯಕತ್ವವಿಲ್ಲ, ಸಿದ್ಧಾಂತವಿಲ್ಲ. ಶುಕ್ರವಾರ ಒದಗಿಸುತ್ತೇನೆ.

ಮಾರ್ಚ್ 6, ಶುಕ್ರವಾರ

ಒದಗಿಸಿದೆ. ಬಲಿಪೀಠದ ಮುಂದಿನ ಮೆಟ್ಟಿಲ ಮೇಲೆ ನಿಂತು, "ಸಂಗಾತಿಗಳೇ! ನೀವು ಮಾಡುತ್ತಿರುವುದು ವಶ!" ಎಂದು ಶುರು ಮಾಡಿದೆ.

"ವಶ ಅಲ್ಲ ಕಣಮ್ಮ, ಒಂಬತ್ತು ದಿನದ ಜಪ," ಎಂದರು ಮುಂದಿನ ಸಾಲಿನವರೊಬ್ಬರು. "ಏಳನೇ ಸಲ ನಡೀತಿದೆ."

"ಆ ಮೆಟ್ಟಿಲಿಂದ ಇಳೀಬೇಕು," ಎಂದರು ಪಾನಿ ಸ್ತಾಶಾ. ಪೋಲಿಷಿನಲ್ಲಿ ಪಾನಿ ಎಂದರೆ ಶ್ರೀಮತಿ, ಗಂಡಸರಾದರೆ ಪಾನ್. ಇವರೇ ಪಾಳಿಯ ಮುಖ್ಯಸ್ಥೆ. ಜೀವಮಾನವಿಡೀ ಶಾಲೆಯ ಅಡುಗೆಮನೆ ನಡೆಸಿದವರು. ಅವರು ಪಿಸುಗುಟ್ಟಿದರೂ ನಾಲ್ಕು ನೂರು ಮಕ್ಕಳು ಸಾಲಾಗಿ ನಿಲ್ಲುವಂತಿರುತ್ತದೆ. ನಾನು ಇಳಿದೆ. ಇಳಿದು ಮುಂದುವರಿಸಿದೆ. ಈ ಕಿಟಕಿಗಳನ್ನು ನೋಡಿ, ಎಂದೆ. ಗಿರಣಿ ಮಾಲೀಕರು ನಿಮ್ಮನ್ನು ಮಂಕು ಮಾಡಲು ಹಾಕಿಸಿದ ಬಣ್ಣ, ಎಂದೆ.

"ಗಿರಣಿ ಮಾಲೀಕ ನಮ್ಮ ಪಂಗಡದವನೇ ಅಲ್ಲ. ಒಂದು ಮೊಳೆನೂ ಕೊಟ್ಟಿಲ್ಲ," ಎಂದರು ಬಾಬ್ಚಿ. "ನೂಲೋ ಕೋಣೆ ಹುಡುಗೀರು ಸೇರಿ ಹಾಕಿಸಿದ್ದು. ನಿನ್ನ ಮುತ್ತಜ್ಜಿನೂ ಇದ್ಲು, ಅವಳ ಹೆಸರೇ ನಿನಗಿಟ್ಟಿರೋದು. ಕೆಳಗೆ ಬರೆದಿದೆ, ನಿನ್ನ ಕಣ್ಣು ತೆರೆದಿದ್ರೆ ಓದು."

"ಹಾಗಾದರೆ ಇನ್ನೂ ಅನ್ಯಾಯ. ಅವರನ್ನು ಮೋಸಗೊಳಿಸಲಾಗಿದೆ!"

"ನನ್ನಮ್ಮನಿಗೆ ಮೋಸ ಮಾಡೋಕೆ ನನ್ನಪ್ಪನ ಕೈಲೇ ಆಗ್ಲಿಲ್ಲ ಕಣೇ."

ಉಳಿದವರೆಲ್ಲ ನಕ್ಕರು. ಪಾನಿ ಸ್ತಾಶಾ ನಗಲಿಲ್ಲ. "ನಾಲಿಗೆಗೆ ಇಷ್ಟು ಶಕ್ತಿ ಇದ್ರೆ ಕೈಗೂ ಇರುತ್ತೆ. ಕಾಫಿ ಪಾತ್ರೆ ತೊಳಿ," ಎಂದರು.

ತೊಳೆದೆ. ನಾಯಕತ್ವ ಎಂದರೆ ಸೇವೆ.

ಮಾರ್ಚ್ 14, ಶನಿವಾರ

ಶನಿವಾರ ನಮ್ಮ ಪಾಳಿಯಲ್ಲ. ಕಾಫಿ ಪುಡಿ ಮುಗಿದಿತ್ತು, ಕೊಡಲು ಹೋಗಿದ್ದೆ. ಹೋದ ಹೊತ್ತಿಗೇ ಒಂದು ಬಸ್ಸು ತುಂಬ ಪ್ರವಾಸಿಗಳು ಕಿಟಕಿ ನೋಡಲು ಬಂದರು. ಪಾಳಿಯಲ್ಲಿದ್ದ ಮುದುಕಿಯರಲ್ಲಿ ಒಬ್ಬರಿಗೂ ಮಾತಾಡಲು ಗಂಟಲಿರಲಿಲ್ಲ, ಎಲ್ಲರಿಗೂ ನೆಗಡಿ. ಪಾನಿ ಸ್ತಾಶಾ ಬೆರಳು ತೋರಿಸಿದರು: ನೀನು.

ಒಬ್ಬ ಹೆಂಗಸು ದೊಡ್ಡ ಕಿಟಕಿಯ ಮುಂದೆ ನಿಂತು, "ಈ ರಾಣಿ ಕಂಕುಳಲ್ಲಿ ಇಟ್ಕೊಂಡಿರೋದು ಪರ್ಸಾ?" ಎಂದಳು.

ಪರ್ಸಂತೆ! ಅದು ಶೂ. ಯಾದ್ವಿಗಾ ಅರಮನೆಯವಳಾದರೂ ಬಡವರ ಹಾಗೆ ಹಿಮದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು. ಗಂಡನಿಗೆ ಅವಮಾನವಾಯಿತು. ಅವನು ಗುರುಗಳಿಂದ ಹೇಳಿಸಿದ: ಈ ಶೂಗಳನ್ನು ಬಿಟ್ಟು ಹೊರಗೆ ಹೋಗಬೇಡ. ಅವಳು ಬಿಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆದಳು. ಇದನ್ನೆಲ್ಲ ಹೇಳುತ್ತ, ಪಾದದ ಬೆರಳುಗಳಿಗೆ ಗಾಜಿನವರು ಬಳಸಿರುವ ಆ ನಸುಗೆಂಪು ನೋಡಿ, ಚಳಿಗೆ ಹಾಗಾಗಿದೆ ಎಂದೂ ತೋರಿಸಿದೆ. ಅದನ್ನು ನಾನು ಯಾವಾಗ ಗಮನಿಸಿದ್ದೆನೋ ತಿಳಿಯದು.

ಮಾತನ್ನು ಪಾಲಿಸುತ್ತಲೇ ಮುರಿದವಳು. ಸಂಘಟನೆಯ ದೃಷ್ಟಿಯಿಂದ ಉಪಯುಕ್ತ ಉದಾಹರಣೆ, ಅಷ್ಟೆ.

ಒಬ್ಬ ಗಂಡಸು ಕೊಡೆಯ ತುದಿಯಿಂದ ಗಾಜನ್ನು ಕುಟ್ಟಿ ನೋಡಿದ. ನಾನು ಕೂಗಿದ ಕೂಗಿಗೆ ಬಸ್ಸಿನ ಡ್ರೈವರ್ ಒಳಗೆ ಓಡಿ ಬಂದ. ಕಾರ್ಮಿಕರ ಶ್ರಮಕ್ಕೆ ಗೌರವ ಬೇಡವೇ?

ಮಾರ್ಚ್ 15, ಭಾನುವಾರ

ಕರಪತ್ರ ಹಂಚುವ ನಮ್ಮ ಸಂಘದ ಇನ್ನೊಬ್ಬ ಸದಸ್ಯ ಡಸ್ಟಿನ್ ರಾಜೀನಾಮೆ ಕೊಟ್ಟ. ಮೇಕೆ ಸಾಕುತ್ತಾನಂತೆ. ಈಗ ಸಂಘದಲ್ಲಿ ನಾನೊಬ್ಬಳೇ. ನಿರ್ಣಯಗಳು ಬೇಗ ಅಂಗೀಕಾರವಾಗುತ್ತಿವೆ.

ಮಾರ್ಚ್ 24, ಮಂಗಳವಾರ

ಚರ್ಚಿನಲ್ಲಿ ದೊಡ್ಡ ಗಲಾಟೆ. ಈಸ್ಟರಿನ ಹಿಂದಿನ ಶುಕ್ರವಾರದಿಂದ ಭಾನುವಾರ ಬೆಳಗಿನವರೆಗೆ ಇಲ್ಲಿ ಪಕ್ಕದ ಬಲಿಪೀಠವನ್ನು ಯೇಸುವಿನ ಸಮಾಧಿಯಂತೆ ಅಲಂಕರಿಸುತ್ತಾರೆ. ಅದರ ಎರಡೂ ಕಡೆ ಹಿತ್ತಾಳೆ ಶಿರಸ್ತ್ರಾಣ, ನೀಲಿ ಕೋಟು, ಉದ್ದ ಕೋಲಿನ ಕೊಡಲಿ ಹಿಡಿದ ಕಾವಲುಗಾರರು ಅಲುಗಾಡದೆ ನಿಲ್ಲಬೇಕು. ಮೊದಲು ಇಪ್ಪತ್ತು ಗಂಡಸರು ಸರದಿಗೆ ಜಗಳವಾಡುತ್ತಿದ್ದರಂತೆ. ಈಗ ಉಳಿದಿರುವುದು ಪಾನ್ ಚೆಸ್ತರ್ ಒಬ್ಬರೇ. ವಯಸ್ಸು ಎಂಬತ್ತನಾಲ್ಕು, ಮಂಡಿ ಇನ್ನೂ ಹಳೆಯದು.

ಕಾವಲಿಲ್ಲದ ಸಮಾಧಿ ಎಂದರೆ ಚರ್ಚು ಸತ್ತ ಹಾಗೆಯೇ ಎಂದು ಎಲ್ಲರೂ ಅತ್ತರು. ಪಾನಿ ಸ್ತಾಶಾ ಅಳಲಿಲ್ಲ. ಮುಚ್ಚಿಹೋದ ಬಟ್ಟೆ ಅಂಗಡಿಯಿಂದ ಒಂದು ಗೊಂಬೆ ತರಿಸಿ ಎಡಗಡೆ ನಿಲ್ಲಿಸಿದರು. ಆ ಅಂಗಡಿ ಗೌನೋ ಲಂಗವೋ ಏನು ಮಾರುತ್ತಿತ್ತೋ, ಹೆಣ್ಣು ಗೊಂಬೆ. ಕೋಟಿನ ಗುಂಡಿ ಹಾಕಲು ಇಬ್ಬರು ತಿಣುಕಿದರು. ಆಮೇಲೆ ಹುಬ್ಬಿಗೆ ಹಚ್ಚುವ ಕಡ್ಡಿಯಿಂದ ಮೀಸೆ ಬರೆದರು.

ನಾನು ನೋಡುತ್ತ ನಿಂತಿದ್ದೆ. ರಕ್ತ ಕುದಿಯುತ್ತಿತ್ತು.

ಮಾರ್ಚ್ 25, ಬುಧವಾರ

ರಾತ್ರಿಯೆಲ್ಲ ವಾದ ಸಿದ್ಧಪಡಿಸಿಕೊಂಡು ಬೆಳಗ್ಗೆಯೇ ಹೋದೆ.

"ಬಲಗಡೆಗೆ ಹೆಣ್ಣುಮಗಳು ಯಾಕೆ ನಿಲ್ಲಬಾರದು?"

"ಕಾವಲು ಗಂಡಸರದ್ದು," ಎಂದರು ಪಾನಿ ಸ್ತಾಶಾ.

"ಪ್ಲಾಸ್ಟಿಕ್ಕಿನ ಹೆಂಗಸು ನಿಲ್ಲಬಹುದು, ಜೀವ ಇರುವ ಹೆಂಗಸು ನಿಲ್ಲಬಾರದೇ?"

"ಅದಕ್ಕೆ ಮೀಸೆ ಇದೆ."

"ನನಗೂ ಬರೆಯಿರಿ!"

ಬಾಬ್ಚಿ ಜಪಮಾಲೆಯಿಂದ ತಲೆ ಎತ್ತಿ, "ಬರೆಯೋದೇನೂ ಬೇಡ, ನಮ್ಮ ಮನೆತನದಲ್ಲಿ ತಾನಾಗೇ ಬರುತ್ತೆ," ಎಂದರು. ಅವರನ್ನು ಲೆಕ್ಕಿಸದೆ ಹೋರಾಟ ಮುಂದುವರಿಸಿದೆ. ಕೊನೆಗೆ ಪಾನಿ ಸ್ತಾಶಾ ಹೊಲಿಗೆ ಕೆಳಗಿಟ್ಟರು.

"ನೋಡು ಹುಡುಗಿ, ನೀನು ಹೆಣ್ಣು ಅಂತ ಬೇಡ ಅಂತಿಲ್ಲ. ಕಾವಲಿನವರು ಮಾತಾಡಬಾರದು. ಒಂದೇ ಒಂದು ಶಬ್ದ ಇಲ್ಲ. ಚರ್ಚು ಕಟ್ಟಿದಾಗಿನಿಂದ ಒಬ್ಬನೂ ಮಾತಾಡಿಲ್ಲ. ನಿನ್ನ ಬಾಯಿ ಊಟ ಮಾಡುವಾಗಲೂ ಮುಚ್ಚಿರಲ್ಲ."

"ಮಾತಾಡಿದರೆ ನಾನು ಸೋತೆ ಅಂತ ಊರ ಮುಂದೆ ಒಪ್ಪಿಕೊಳ್ಳುತ್ತೇನೆ!"

"ಮಾತಾಡಿದ್ರೆ ಇನ್ನು ಮುಂದೆ ಯಾವ ಹುಡುಗಿನೂ ಆ ಕೋಟು ಹಾಕಲ್ಲ."

ಒಪ್ಪಿದೆ. ಕೈ ಕುಲುಕಿದೆವು. ಶತಮಾನದ ಅನ್ಯಾಯ ಒಂದೇ ಬೆಳಗ್ಗೆ ಕುಸಿಯಿತು!

ಮನೆಗೆ ಬಂದು ಆಲೂಗಡ್ಡೆ ಸುಲಿಯುವಾಗ ಹೊಳೆಯಿತು: ನಾನು ದೇವರನ್ನು ನಂಬುವುದಿಲ್ಲ, ಸೈನ್ಯವನ್ನು ವಿರೋಧಿಸುತ್ತೇನೆ. ಈಗ ದೇವರ ಸೈನಿಕಳಾಗಿ ನಿಲ್ಲುವ ಹಕ್ಕನ್ನು ಹೋರಾಡಿ ಪಡೆದಿದ್ದೇನೆ. ಈ ವಿರೋಧಾಭಾಸದ ಬಗ್ಗೆ ನಂತರ ಬರೆಯುತ್ತೇನೆ.

ಏಪ್ರಿಲ್ 3, ಶುಕ್ರವಾರ

ಪಾನ್ ಚೆಸ್ತರ್ ಅವರಿಂದ ತರಬೇತಿ. ನಾವಿಬ್ಬರೂ ಬಲಗಡೆ ಸರದಿಯ ಮೇಲೆ ನಿಲ್ಲುತ್ತೇವೆ. ಎಡಗಡೆಯ ಗೊಂಬೆಗೆ ಬಿಡುವಿಲ್ಲ.

"ನಗಬಾರದು, ಕೆರೆದುಕೋಬಾರದು. ನೊಣ ಮೂಗಿನ ಮೇಲೆ ಕೂತ್ರೆ ನಿನ್ನ ಪಾಪಕ್ಕೆ ಪ್ರಾಯಶ್ಚಿತ್ತ ಅಂದ್ಕೋ. ನಂಗೊಂದು ಸಲ ಕಣಜ ಕಚ್ತು, ಮದುವೆ ಗೊತ್ತಾಗಿದ್ದ ಹುಡುಗಿ ಎದುರಿಗೇ ಕೂತಿದ್ಲು. ಅಲುಗಾಡಲಿಲ್ಲ. ಕಣ್ಣಲ್ಲಿ ನೀರು. ಎಷ್ಟು ಭಕ್ತಿ ಅಂತ ಅವಳಪ್ಪ ಆವತ್ತೇ ದಿನ ಗೊತ್ತು ಮಾಡಿದ."

"ಏನೂ ಮಾಡುವಂತಿಲ್ಲವೇ ಹಾಗಾದರೆ?"

"ಒಂದಿದೆ. ಬೀಳಬಹುದು. ಭಾನುವಾರ ಬೆಳಗ್ಗೆ ಅಲ್ಲೆಲೂಯಾ ಅಂದ ಕೂಡಲೇ ಕಾವಲಿನವರು ಧೊಪ್ ಅಂತ ನೆಲಕ್ಕೆ ಬೀಳಬೇಕು. ಯೇಸು ಎದ್ದ, ಸಿಪಾಯಿಗಳು ಬಿದ್ರು. ಎಷ್ಟು ಸದ್ದಾದ್ರೆ ಅಷ್ಟು ಒಳ್ಳೇದು. ಬಿದ್ದ ಮೇಲೆ ನೀನು ಹೆಣ. ನಮ್ಮೋರು ಯಾರಾದ್ರೂ ಬಂದು ಏಳು ಅನ್ನೋವರೆಗೂ ಹೆಣ."

ಬಾಬ್ಚಿಯ ಹಾಸಿಗೆಯ ಮೇಲೆ ಬೀಳುವುದನ್ನು ಅಭ್ಯಾಸ ಮಾಡಿದೆ. ಮಂಚದ ಒಂದು ಹಲಗೆ ಮುರಿಯಿತು. ಪಾನ್ ಚೆಸ್ತರ್ ಒಳ್ಳೆಯ ಸದ್ದು ಎಂದರು.

ಏಪ್ರಿಲ್ 10, ಶುಕ್ರವಾರ

ನಿಂತೆ. ಬೆಳಗ್ಗೆ ಮತ್ತು ಸಂಜೆ.

ನಾನು ನಿಲ್ಲುವ ಜಾಗದಿಂದ ಯಾದ್ವಿಗಾ ಕಿಟಕಿ ಒಂದೇ ಕಾಣುತ್ತದೆ. ಮೊದಲ ಅರ್ಧ ಗಂಟೆ ಮನಸ್ಸಿನಲ್ಲೇ ಭಾಷಣ ಮಾಡಿದೆ. ಆಮೇಲೆ ಭಾಷಣ ಮುಗಿಯಿತು. ನನ್ನ ಭಾಷಣ ಇಷ್ಟು ಚಿಕ್ಕದೆಂದು ತಿಳಿದಿರಲಿಲ್ಲ. ಬಿಸಿಲು ಸರಿದಂತೆ ಅವಳ ನಿಲುವಂಗಿಯ ನೀಲಿ ಕೆಳಗಿಳಿದು ಬೆಂಚುಗಳ ಮೇಲೆ ಬಂತು, ಬಾಬ್ಚಿಯ ಕೈಯ ಮೇಲೆ ಬಂತು. ಬಾಬ್ಚಿ ಕೈ ಹೊರಳಿಸಿ ಅದನ್ನು ಅಂಗೈಗೆ ತೆಗೆದುಕೊಂಡರು, ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅಷ್ಟೇ ನಡೆದದ್ದು.

ಮುದುಕಿಯರು ಇವತ್ತು ಉಪವಾಸ. ನಾನೂ ಏನೂ ತಿನ್ನಲಿಲ್ಲ. ನನ್ನದು ಉಪವಾಸವಲ್ಲ, ಅವರ ಬೆಂಬಲಕ್ಕೆ ಸತ್ಯಾಗ್ರಹ.

ಏಪ್ರಿಲ್ 11, ಶನಿವಾರ

ಸೊಂಟಕ್ಕೆ ಪೆಟ್ಟಾಗಿದೆ. ಆದರೂ ಎಲ್ಲವನ್ನೂ ಬರೆದಿಡಬೇಕು.

ಇವತ್ತು ಬುಟ್ಟಿಗಳ ದಿನ. ಬಣ್ಣದ ಮೊಟ್ಟೆ, ಸಾಸೇಜು, ಬೆಣ್ಣೆಯಲ್ಲಿ ಮಾಡಿದ ಕುರಿಮರಿ, ಎಲ್ಲವನ್ನೂ ಬುಟ್ಟಿಗೆ ತುಂಬಿ, ಕಸೂತಿ ಬಟ್ಟೆ ಹೊದಿಸಿ ಪಾದ್ರಿಯಿಂದ ಹರಸಿಸಿಕೊಳ್ಳಬೇಕು. ಈಸ್ಟರ್ ಬೆಳಗಿನವರೆಗೆ ಅದನ್ನು ಯಾರೂ ತಿನ್ನುವಂತಿಲ್ಲ. ನಮ್ಮ ಚರ್ಚಿಗೆ ಪಾದ್ರಿ ಬರುವಂತಿಲ್ಲವಾದ್ದರಿಂದ ಆಚೆ ಬೀದಿಯ ಐರಿಷರ ಚರ್ಚಿನಲ್ಲಿ ಏರ್ಪಾಡಾಗಿತ್ತು. ಒಬ್ಬರ ಬುಟ್ಟಿ ಇನ್ನೊಬ್ಬರ ಕೈಯಲ್ಲಿ ಕಳಿಸಿ ಯಾರಾದರೂ ಉಳಿಯಬಹುದಿತ್ತು. ಅಂಥ ಮುದುಕಿ ಇನ್ನೂ ಹುಟ್ಟಿಲ್ಲ. ಯಾರ ಕುರಿಮರಿಗೆ ಕಿವಿ ಸರಿಯಾಗಿದೆ ಎಂದು ತಾನೇ ಹೋಗಿ ನೋಡಬೇಕು. ಹನ್ನೊಂದು ಜನರೂ ಪಾನ್ ಚೆಸ್ತರರ ವ್ಯಾನು ಹತ್ತಿದರು.

ಹೊರಡುವಾಗ ಪಾನಿ ಸ್ತಾಶಾ ನನ್ನ ಶಿರಸ್ತ್ರಾಣ ನೇರ ಮಾಡಿ, "ಖಾಲಿ ಬಿಟ್ಟು ಹೋಗ್ತಿಲ್ಲ. ನೀನಿದೀಯ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಬಾಯಿ!" ಎಂದರು.

ವ್ಯಾನು ಮರೆಯಾಗಿ ಸ್ವಲ್ಪ ಹೊತ್ತಿಗೆ ಬಾಗಿಲು ಸದ್ದಾಯಿತು. ಬಿಷಪ್ಪರ ಕಚೇರಿಯ ಮಿಸ್ಟರ್ ಫೀನಿ, ಅವರ ಜೊತೆ ಹೊಳೆಯುವ ಬೂಟಿನವನೊಬ್ಬ. ಬಾಗಿಲಲ್ಲಿ ಮೂರನೆಯವನು ಮಂಡಿಯೂರಿ, ಹೊಸದನ್ನು ಹಾಕಲು ಹಳೆಯ ಬೀಗ ಬಿಚ್ಚತೊಡಗಿದ.

"ಯಾರಾದ್ರೂ ಇದ್ದೀರಾ?" ಎಂದು ಮಿಸ್ಟರ್ ಫೀನಿ ಮೂರು ಸಲ ಕೂಗಿದರು. "ನೋಡಿ, ಕೂಗಿದೀನಿ. ನೀವೇ ಸಾಕ್ಷಿ."

"ಇವರಿಬ್ರು?" ಎಂದ ಬೂಟಿನವನು, ಸಮಾಧಿಯ ಹತ್ತಿರ ಬಂದು.

"ಗೊಂಬೆಗಳು. ಕಾವಲಿಗೆ ಗಂಡಸರು ಸಿಗದೆ ಅಂಗಡಿ ಗೊಂಬೆ ನಿಲ್ಸಿದಾರೆ ಅಂತ ಕೇಳಿದ್ದೆ."

ಬೂಟಿನವನು ನಮ್ಮಿಬ್ಬರನ್ನೂ ಹೋಲಿಸಿ ನೋಡಿದ. "ಎಡಗಡೆದು ಪರವಾಗಿಲ್ಲ. ಬಲಗಡೆದಕ್ಕೆ ಜೀವಕಳೆನೇ ಇಲ್ಲ."

ಬಲಗಡೆಯದು ನಾನು.

ಒಂದು ಶಬ್ದ ಸಾಕಿತ್ತು. 'ಇದ್ದೇನೆ' ಎಂದರೆ ಬೀಗದವನು ಮನೆಗೆ ಹೋಗುತ್ತಿದ್ದ. ಚರ್ಚು ಉಳಿಯುತ್ತಿತ್ತು. ಜೊತೆಗೆ, ಬಿಷಪ್ಪರ ಕಚೇರಿಯವರು ಸಿಕ್ಕಿದರೆ ಹೇಳಬೇಕೆಂದು ನಾಲ್ಕು ವರ್ಷದಿಂದ ಕೂಡಿಟ್ಟದ್ದೆಲ್ಲ ನಾಲಿಗೆಯ ತುದಿಗೆ ಬಂದು ನೂಕಾಡುತ್ತಿತ್ತು. ಆದರೆ ಆ ಶಬ್ದ ಆಡಿದರೆ ಪಾನಿ ಸ್ತಾಶಾ ಗೆದ್ದರು. ಇನ್ನು ಮುಂದೆ ಯಾವ ಹುಡುಗಿಯೂ ಇಲ್ಲ, ಈ ಚರ್ಚು ಕಟ್ಟಿದಾಗಿನಿಂದ ಮಾತಾಡಿದ ಒಬ್ಬಳೇ ಕಾವಲುಗಾರ್ತಿ ತೆಕ್ಲಾ. ಕಣಜ ಕಚ್ಚಿಸಿಕೊಂಡ ಪಾನ್ ಚೆಸ್ತರ್ ಮುಖಕ್ಕೆ ಹೇಗೆ ಮುಖ ಕೊಡಲಿ? ಬೆವರು ಮೂಗಿನಿಂದ ತೊಟ್ಟಿಕ್ಕಿತು. ಬಾಗಿಲ ಬಳಿ ಹಳೆಯ ಬೀಗ ಕಳಚಿ ಬಿದ್ದ ಸದ್ದು ಕೇಳಿಸಿತು.

ಬೂಟಿನವನು ಕಿಟಕಿಯತ್ತ ತಿರುಗಿದ. ಅವನೇ ಆ ಹೋಟೆಲಿನವನು. "ಇವಳನ್ನ ಬಾರ್ ಹಿಂದೆ ಹಾಕಿಸ್ತೀನಿ. ಒಳಗಿಂದ ದೀಪ ಬಿಟ್ರೆ ಜನ ಹುಚ್ಚಾಗ್ತಾರೆ. ಕಂಕುಳಲ್ಲಿ ಏನದು, ಶೂನಾ? ಛೆ! ಅದನ್ನ ತೆಗೆಸಿ ಒಂದು ಬಾಟಲಿ ಹಾಕಿಸಿಬಿಡೋಣ."

ಆಗ ನಾನು ಬಿದ್ದೆ.

ಯೋಚಿಸಿ ಬಿದ್ದೆ ಎಂದು ಇಲ್ಲಿ ದಾಖಲಿಸುತ್ತೇನೆ. ಕಾವಲಿನವರು ಮಾತಾಡುವಂತಿಲ್ಲ, ಬೀಳಬಹುದು. ಒಂದು ದಿನ ಮುಂಚೆ ಬೀಳಬಾರದೆಂದು ಯಾರೂ ಹೇಳಿರಲಿಲ್ಲ. ಉಪವಾಸದಿಂದ, ಅಂದರೆ ಸತ್ಯಾಗ್ರಹದಿಂದ, ತಲೆ ಸುತ್ತುತ್ತಿದ್ದದ್ದೂ ನಿಜ. ಹಾಗೇ ಹಿತ್ತಾಳೆ, ಕಬ್ಬಿಣ, ಕೊಡಲಿ ಸಮೇತ ಅಮೃತಶಿಲೆಯ ಮೇಲೆ ಬಿದ್ದೆ. ನನ್ನ ಕೊಡಲಿಯ ಕೋಲು ಗೊಂಬೆಗೆ ಬಡಿಯಿತು. ಅದೂ ಬಿತ್ತು. ಅದರ ತಲೆ ಕಳಚಿ, ಮೀಸೆ ಸಮೇತ ಉರುಳಿಕೊಂಡು ಹೋಗಿ ಹೋಟೆಲಿನವನ ಬೂಟಿನ ಬಳಿ ನಿಂತು ಅವನನ್ನು ನೋಡಿತು.

ಅವನು ಓಡಿದ ಸದ್ದಷ್ಟೇ ನನಗೆ ಗೊತ್ತು. ನಾನು ಹೆಣ, ಕಣ್ಣು ತೆರೆಯುವಂತಿಲ್ಲ.

"ಯೇಸು, ಮರಿಯ, ಜೋಸೆಫ!" ಎಂದರು ಮಿಸ್ಟರ್ ಫೀನಿ. ಹತ್ತಿರ ಬಂದು ಕೆನ್ನೆ ಮುಟ್ಟಿದರು. "ಅಯ್ಯೋ, ಬೆಚ್ಚಗಿದೆ! ಇದು ಹುಡುಗಿ! ಏ ಮಗು! ಮಗು!"

ಏಳು ಎನ್ನಲಿಲ್ಲ. ಅಂದಿದ್ದರೂ ಅವರು ನಮ್ಮೋರಲ್ಲ. ಬಿದ್ದೇ ಇದ್ದೆ. ಅವರು ಆಂಬುಲೆನ್ಸಿಗೆ ಫೋನ್ ಮಾಡಿ, ಮಂಡಿಯೂರಿ, ನನ್ನ ಕೈ ಹಿಡಿದುಕೊಂಡು ಸಾಯುವವರಿಗೆ ಹೇಳುವ ಪ್ರಾರ್ಥನೆ ಶುರು ಮಾಡಿದರು. ಪೂರ್ತಿ ಬಾಯಿಪಾಠ. ಮಧ್ಯೆ ಎರಡು ಸಲ ಅತ್ತರು. ಒಳ್ಳೆಯ ಮನುಷ್ಯ. ವ್ಯವಸ್ಥೆ ಕೆಟ್ಟದ್ದು.

ಅಷ್ಟರಲ್ಲಿ ಬಾಗಿಲಲ್ಲಿ ಹನ್ನೊಂದು ಬುಟ್ಟಿಗಳು.

"ಮಿಸ್ಟರ್ ಫೀನಿ, ಏನು ಮಾಡ್ತಿದೀರಿ?" ಇದು ಪಾನಿ ಸ್ತಾಶಾ.

"ಪ್ರಾರ್ಥನೆ ಮಾಡ್ತಿದೀನಿ, ಕಾಣಲ್ವೇನಮ್ಮ!"

"ಕಾಣುತ್ತೆ. ಹನ್ನೊಂದು ಜನಕ್ಕೂ ಕಾಣುತ್ತೆ. ಅಂದ್ರೆ ಒಳಗೆ ಪ್ರಾರ್ಥನೆ ನಡೀತಿದೆ. ನಿಮ್ಮ ಬೀಗದವನಿಗೆ ಹಳೇ ಬೀಗ ಇದ್ದಲ್ಲೇ ಹಾಕೋಕೆ ಹೇಳಿ."

ಬಾಬ್ಚಿ ಕೋಲೂರಿಕೊಂಡು ಬಂದು ಬಗ್ಗಿದರು. "ಏಳೇ," ಎಂದರು. ಎದ್ದೆ. ಮಿಸ್ಟರ್ ಫೀನಿ ಕೂತುಬಿಟ್ಟರು.

"ಒಂದು ದಿನ ಮುಂಚೆ ಬಿದ್ದಿದೀಯಲ್ಲೇ! ಯೇಸುನೇ ಇನ್ನೂ ಎದ್ದಿಲ್ಲ!" ಎಂದು ಒಬ್ಬರು ಗದರಿದರು. ಶನಿವಾರ ಬಿದ್ದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಎರಡು ಪಕ್ಷವಾಯಿತು. ಪಾನಿ ಸ್ತಾಶಾ ಯಾರನ್ನೂ ಕೇಳಿಸಿಕೊಳ್ಳಲಿಲ್ಲ. ಮಿಸ್ಟರ್ ಫೀನಿಯನ್ನು ಮಾತ್ರ ಕೇಳಿದರು: "ಮಾತಾಡಿದ್ಲಾ?"

"ಇಲ್ಲಮ್ಮ, ಒಂದು ಉಸಿರೂ ಇಲ್ಲ. ಅದಕ್ಕೇ ಸತ್ತಳು ಅಂದ್ಕೊಂಡೆ."

ಪಾನಿ ಸ್ತಾಶಾ ನನ್ನತ್ತ ತಿರುಗಿ, ಮೂಗು ಒರೆಸಿಕೊಂಡು, "ಕೋಟಿನ ಗುಂಡಿ ಹೋಗಿದೆ. ಬಿಚ್ಚಿ ಕೊಡು, ಹೊಲೀತೀನಿ," ಎಂದರು.

ಆಂಬುಲೆನ್ಸಿನ ಹುಡುಗ ನಾಡಿ ನೋಡಿ, ಏನಾದರೂ ತಿನ್ನಬೇಕು, ತಕ್ಷಣ, ಎಂದ. ಹನ್ನೊಂದು ಬುಟ್ಟಿಗಳಿಂದ ಸಾಸೇಜಿನ ಹೊಗೆವಾಸನೆ ಬರುತ್ತಿತ್ತು. "ಅದೋ, ಅಲ್ಲೇ ಇದೆಯಲ್ಲ," ಎಂದ ಅವನು. ಹನ್ನೊಂದು ಕೈಗಳು ಒಟ್ಟಿಗೇ ಕಸೂತಿ ಬಟ್ಟೆಯನ್ನು ಬಿಗಿಯಾಗಿ ಎಳೆದವು.

"ನಾಳೆ," ಎಂದೆ ನಾನು. ಇಡೀ ದಿನದಲ್ಲಿ ನಾನಾಡಿದ ಮೊದಲ ಮಾತು. ಇನ್ನೊಬ್ಬರ ಶಿಸ್ತನ್ನು ಗೌರವಿಸಬೇಕಲ್ಲ.

ಏಪ್ರಿಲ್ 12, ಈಸ್ಟರ್

ಸೂರ್ಯ ಹುಟ್ಟುವ ಮೊದಲೇ ಹೋದೆವು. ಚರ್ಚು ತುಂಬಿತ್ತು, ಸುದ್ದಿ ಕೇಳಿ ಪಕ್ಕದ ಊರಿನವರೂ ಬಂದಿದ್ದರು. ರೋಮಿನ ಉತ್ತರ ಬರುವವರೆಗೆ ಇನ್ನೊಂದು ಸಲ ಬೀಗ ಹಿಡಿದು ಬರುವುದಿಲ್ಲವೆಂದು ಮಿಸ್ಟರ್ ಫೀನಿ ಬರೆದುಕೊಟ್ಟಿದ್ದಾರೆ. ಹೋಟೆಲಿನವನು ಆ ಕಟ್ಟಡದ ಒಂದು ಗಾಜಿನ ಚೂರೂ ತನಗೆ ಬೇಡ ಎಂದನಂತೆ.

ಪಾದ್ರಿಯಿಲ್ಲ. ಮುದುಕಿಯರೇ ಹಾಡಿದರು. ಗೊಂಬೆಯ ತಲೆಗೆ ಪಟ್ಟಿ ಸುತ್ತಿತ್ತು. ಅದನ್ನು ಬೀಳಿಸಲು ಪಾನ್ ಚೆಸ್ತರ್ ಹಿಂದೆ ಹಗ್ಗ ಹಿಡಿದು ಕೂತಿದ್ದರು. ಅಲ್ಲೆಲೂಯಾ ಎಂದಾಗ ನಿನ್ನೆಯ ನೋವಿನ ಮೇಲೇ ಬಿದ್ದೆ. ಒಳ್ಳೆಯ ಸದ್ದಾಯಿತು. ಎಲ್ಲೋ ಒಂದು ಮಗು ಚಪ್ಪಾಳೆ ತಟ್ಟಿತು.

ಹಾಡು ಮುಗಿಯಿತು. ಬುಟ್ಟಿಗಳ ಸದ್ದು, ಮೊಟ್ಟೆ ಒಡೆಯುವ ಸದ್ದು. ಜನ ನನ್ನನ್ನು ದಾಟಿಕೊಂಡು ಓಡಾಡಿದರು. ಕಣ್ಣು ಮುಚ್ಚಿಯೇ ಇತ್ತು, ಆದರೂ ರೆಪ್ಪೆಯೊಳಗೆ ಬಣ್ಣ ಬಂತು. ಮೊದಲು ಕೆಂಪು, ಆಮೇಲೆ ನೀಲಿ. ಬಿಸಿಲು ಕಿಟಕಿಗೆ ಏರಿರಬೇಕು.

ಬಾಬ್ಚಿಯ ಕೋಲು ನನ್ನ ಬೂಟಿಗೆ ತಗುಲಿತು. "ಏಳೇ, ಮುಗೀತು. ಸಾಸೇಜ್ ತಣ್ಣಗಾಗುತ್ತೆ."

"ಇರಿ ಬಾಬ್ಚಿ," ಎಂದೆ. "ಇನ್ನೊಂದು ಸ್ವಲ್ಪ."

ನೆಲ ತಂಪಾಗಿತ್ತು, ಪೆಟ್ಟಾದ ಸೊಂಟಕ್ಕೆ ಹಿತವಾಗಿತ್ತು. ಅದೇ ಕಾರಣ.